ಮೂರು ನೆರಳಿನ ಲಗ್ನಪತ್ರಿಕೆ

ಮೊಳಕಾಲ್ಮುರಿನ ರೇಷ್ಮೆ ಸೀರೆ ಅಂಗಡಿ ಜಂಬುಲಿಂಗಪ್ಪ ತನ್ನ ಮಗಳ ಲಗ್ನಪತ್ರಿಕೆನ ಕಲರ್‌ನಾಗೆ, ಅದೂ ಕಂಪ್ಯೂಟರ್‌ನಾಗೆ ಚಿತ್ರ ಬರೆಸಿ ಅಚ್ಚು ಹಾಕಿಸ್ತೀನಿ ಅಂದಾಗ ಇಡೀ ತಾಲ್ಲೂಕು ಬಾಯಿ ಬಿಟ್ಕಂಡು ನಿಂತ್ಕಂತು. ಹಂಗಂತ ಜಂಬುಲಿಂಗಪ್ಪ ಅಂದ್ಕಂಡಿದ್ದ. ತಾಲ್ಲೂಕು ತನ್ನ ಪಾಡಿಗೆ ತಾನು ಮಗ್ಗ ಬಡೀತಾ, ಶೇಂಗಾ ಸುಲೀತಾ ಕೂತಿತ್ತು. ಬಾಯಿ ಬಿಟ್ಟೋಳು ಅವನ ಅಕ್ಕ ಕೊಟ್ರಮ್ಮ ಒಬ್ಳೇ, ಅದೂ ಆಕಳಿಕೆ ಬಂದಿದ್ಕೆ.

ಕೊಟ್ರಮ್ಮ ಸಣ್ಣ ವಯಸ್ಸಿಗೇ ಗಂಡನ್ನ ಕಳ್ಕಂಡು ತಮ್ಮನ ಮನಿಗೆ ಬಂದೋಳು. ಬಂದಾಗ ತಲೆ ತುಂಬ ಕರೀ ಕೂದ್ಲಿತ್ತು, ಈಗ ಬಿಡಿಸೋಕೆ ಬಂದ ಹತ್ತಿ ಹೊಲ ಆಗೈತೆ. ಅವಳು ಬಂದ ವರ್ಷದಾಗೇ ಜಂಬುಲಿಂಗಪ್ಪನ ಹೆಂಡ್ತಿ ಗಿರಿಜವ್ವ ಹಸುಗೂಸು ಬಿಟ್ಟು ತೀರ್ಕಂಡ್ಲು. ಆ ಕೂಸೇ ಮಂಗಳಗೌರಿ. ಅದರ ಕುಂಡೆ ತೊಳ್ದು, ಹಾಲು ಹಾಕಿ, ಹೇನು ಹೆಕ್ಕಿ, ಜಡೆ ಹೆಣ್ದು, ಪರೀಕ್ಷೆ ಬಂದ್ರೆ ಅದಕ್ಕಿಂತ ಜಾಸ್ತಿ ತಾನೇ ಬೆವ್ತು ದೊಡ್ಡೋಳ್ ಮಾಡಿದ್ದು ಕೊಟ್ರಮ್ಮ. ಜಂಬುಲಿಂಗಪ್ಪ ಏನೂ ಮಾಡ್ಲಿಲ್ಲ ಅನ್ನಂಗಿಲ್ಲ. ಕೂಸು ಅತ್ರೆ, "ಅಕ್ಕಾ, ಕೂಸು ಅಳ್ತೈತೆ" ಅಂತ ಅಂಗಡಿಯಿಂದ್ಲೇ ಕೂಗ್ತಿದ್ದ. ಆ ಕೆಲ್ಸ ಮಾತ್ರ ಪಾಪ ಒಂದು ದಿನಾನೂ ತಪ್ಪಿಸ್ಲಿಲ್ಲ.

ಮಂಗಳಗೌರಿ ಅತ್ತೆ ಅನ್ನೋ ಮಾತೇ ಆಡಿದೋಳಲ್ಲ. ಮಾತು ಬಂದಾಗಿಂದ ಅವ್ವ ಅಂತಾನೇ ಕರೆದ್ಲು. ಈಗ ಆ ಹುಡುಗೀನ ಹೊಸಪೇಟೆ ಕಡೆ ಅಮರೇಶ್ ಅನ್ನೋ ಹುಡುಗನಿಗೆ ಕೊಡೋದಂತ ಆಗೈತೆ. ಕೊಟ್ರಮ್ಮಗೆ ಇದ್ದಿದ್ದು ಒಂದೇ ಆಸೆ. ಆ ಕಾರ್ಡಿನಾಗೆ ಎಲ್ಲಾದ್ರೂ, ಯಾವ್ದಾದ್ರೂ ಮೂಲೆನಾಗೆ, ತನ್ನ ಹೆಸರು ಇರ್ಬೇಕು. ಚಿನ್ನ ಕೇಳ್ಲಿಲ್ಲ, ಸೀರೆ ಕೇಳ್ಲಿಲ್ಲ. ಈ ಹೆಸರನ್ನೂ ಬಾಯಿ ಬಿಟ್ಟು ಕೇಳೋ ಪೈಕಿ ಅಲ್ಲ ಅವಳು. ತಾನಾಗೇ ತಮ್ಮನಿಗೆ ತಿಳೀಲಿ ಅಂತ ಕಾದ್ಲು. ಜಂಬುಲಿಂಗಪ್ಪಗೆ ತಾನಾಗೇ ತಿಳಿಯೋದು ಅಂದ್ರೆ ಹೊಟ್ಟೆ ಹಸಿವು ಒಂದೇ.

ಕೊನಿಗೆ ಒಂದಿನ ರೊಟ್ಟಿ ತಟ್ತಾ ತಟ್ತಾ ಕೇಳಿದ್ಲು, "ಏನೋ ಜಂಬು, ಕಾರ್ಡಿನಾಗೆ ಯಾರ್ಯಾರು ಇದಾರೋ?"

"ನಾನು, ಗಿರಿಜವ್ವ, ಹುಡುಗ, ಹುಡುಗಿ, ಬೀಗರು. ಷಡ್ಡಕ ಚನ್ನಬಸಪ್ಪ, ಅವನ ಟ್ರ್ಯಾಕ್ಟರ್ ಶೋರೂಮು. ನಮ್ಮಂಗಡಿ ಹೆಸರು, ಫೋನು, ಮೊಬೈಲು. ಅಷ್ಟೇ ಅಕ್ಕಾ. ಜಾಗ ಇಲ್ಲ. ನೆಂಟರೆಲ್ಲಾ ಹಂಗೇ ಉಳ್ದವ್ರೆ. ಜಾಗ ಎಲ್ಲೈತೆ ಹೇಳು?"

"ಟ್ರ್ಯಾಕ್ಟರ್‌ಗೆ ಜಾಗ ಸಿಕ್ತಾ? ಬಿಡು, ದೊಡ್ಡ ಗಾಡಿ, ಅದನ್ನ ಹೊರಗೆ ನಿಲ್ಸಾಕಾಗಲ್ಲ. ಗಿರಿಜವ್ವನೂ ಇದಾಳೆ ಅಂದ್ಯಲ್ಲ, ಸಂತೋಷ. ಸತ್ತೋಳಿಗೆ ಜಾಗ ಸಿಕ್ತು. ಸಾಯ್ದೇ ಉಳ್ಕಂಡು ತಪ್ಪು ಮಾಡಿದೋಳು ನಾನೇ."

ಜಂಬುಲಿಂಗಪ್ಪ ಹೊಟ್ಟೆ ಕುಣಿಸ್ಕಂಡು ನಕ್ಕ. ಅಕ್ಕ ಯಾವಾಗ್ಲೂ ತಮಾಷೆ ಮಾಡೋಳು ಅಂತ ಅವನಿಗೆ ಗೊತ್ತು. ಅದಕ್ಕಿಂತ ಜಾಸ್ತಿ ಅವನಿಗೆ ಏನೂ ಗೊತ್ತಿಲ್ಲ.

ಕಾರ್ಡು ಮಾಡ್ಸಾಕೆ ಚಳ್ಳಕೆರೆಗೆ ಹೊಂಟಾಗ ಕೊಟ್ರಮ್ಮನೂ ಬಸ್ ಹತ್ತಿದ್ಲು. "ಹುಡುಗಿ ಚಿತ್ರ ಬರೀತಾರಂತಲ್ಲ, ಮೂಗು ಎಲ್ಲಿಡ್ತಾರೋ ನೋಡ್ಬೇಕು" ಅಂದ್ಲು. ತಳಕು ದಾಟೋವರ್ಗೂ ಜಂಬುಲಿಂಗಪ್ಪ ಪಕ್ಕದ ಸೀಟಿನೋರಿಗೆಲ್ಲ ಕಲರ್ ಕಾರ್ಡಿನ ಪುರಾಣ ಹೇಳ್ದ. ಕೇಳಿದೋರೆಲ್ಲ ಕಣ್ಮುಚ್ಕಂಡು ತಲೆದೂಗ್ತಿದ್ರು. ಬಸ್ಸು ಹಂಪ್ ಹಾರ್ದಾಗ ಎಚ್ರಾಗಿ ಮತ್ತೆ ತೂಗ್ತಿದ್ರು.

ರಾಜಣ್ಣನ ಪ್ರೆಸ್ಸು ಪಾವಗಡ ರಸ್ತೆನಾಗೆ ಒಂದು ಎಣ್ಣೆ ಮಿಲ್ಲಿನ ಪಕ್ಕ. ಹಿಂದುಗಡೆ ಆನೆ ಗಾತ್ರದ ಅಚ್ಚಿನ ಮಿಷಿನ್ನು. ಮುಂದುಗಡೆ ಗಾಜಿನ ಗೂಡು, ಅದರೊಳಗೆ ಕಂಪ್ಯೂಟರ್. ಗೂಡಿನ ಬಾಗ್ಲಾಗೆ ಚಪ್ಪಲಿ ಬಿಟ್ಟು ಹೋಗ್ಬೇಕು. ಒಳಗೆ ಎಸಿ. ಮನುಷ್ಯರಿಗಲ್ಲ, ಕಂಪ್ಯೂಟರ್‌ಗೆ. ಕೊಟ್ರಮ್ಮ ಒಳಗೆ ಕಾಲಿಟ್ಟೋಳೇ ಎರಡೂ ಕೈ ಮುಗಿದು, "ಮಂಗಳಾರತಿ ಎಷ್ಟೊತ್ತಿಗಮ್ಮ?" ಅಂದ್ಲು.

ಕಂಪ್ಯೂಟರ್ ಮುಂದೆ ಕೂತಿದ್ದ ಸರಿತಾ ಕಿಸಕ್ಕನೆ ನಕ್ಲು. ದೊಡ್ಡಉಳ್ಳಾರ್ತಿಯಿಂದ ದಿನಾ ಬಸ್ಸಿನಾಗೆ ಬಂದು ಚಿತ್ರ ಬರೆಯೋ ಹುಡುಗಿ, ಮಾತು ಮಸಾಲೆ ಮೆಣಸಿನಕಾಯಿ. "ಪೂಜಾರಿ ನಾನೇ ಅಜ್ಜಿ. ಎಲೆ ಅಡಿಕೆ ಹೊರಗೆ ಉಗುಳಿ ಬಂದ್ರೆ ಪ್ರಸಾದ ಕೊಡ್ತೀನಿ" ಅಂದ್ಲು. ಕೊಟ್ರಮ್ಮಗೆ ಅಲ್ಲೇ ಹುಡುಗಿ ಹಿಡಿಸ್ಬಿಟ್ಲು.

ಜಂಬುಲಿಂಗಪ್ಪ ಹೇಳಿದ್ದೆಲ್ಲಾ ಸರಿತಾ ಇಲಿ ಗಾತ್ರದ ಮೌಸು ಉಜ್ಜಿ ಉಜ್ಜಿ ಬರೆದ್ಲು. ಮದುಮಗಳು ಉಟ್ಟಿರೋದು ಮೊಳಕಾಲ್ಮುರು ಸೀರೆನೇ ಆಗ್ಬೇಕು. ಅಂಚಿನಾಗೆ ನವಿಲು ಕುಣೀಬೇಕು. ಸೆರಗು ಅನ್ನೋದು ಕಾರ್ಡಿನ ಈ ತುದಿಯಿಂದ ಆ ತುದಿಗೆ ಹರಡ್ಬೇಕು, ಅದರ ಮೇಲೆ ಅಕ್ಷರ ಬರ್ಬೇಕು. ಮದುಮಗ ನಗ್ತಿರ್ಬೇಕು, ಆದ್ರೆ ಜಾಸ್ತಿ ನಗ್ಬಾರ್ದು. ಕೊಟ್ರಮ್ಮ ನೋಡಿ, "ಸೆರಗೇ ಇಷ್ಟುದ್ದ ಆದ್ರೆ ಹುಡುಗಿ ಹೊಸಪೇಟೆ ಮುಟ್ಟಿದ್ರೂ ಸೆರಗು ಮೊಳಕಾಲ್ಮುರಿನಾಗೇ ಇರ್ತೈತೆ" ಅಂದ್ಲು. ಮೂಗು ಮಾತ್ರ ಒಪ್ಪಿದ್ಲು.

"ಸರಿ ಸಾರ್, ಅಕ್ಷರನ ಕಪ್ಪಿನಾಗೆ ಹಾಕ್ತೀನಿ. ನೀಟಾಗಿ ಬರ್ತಾವೆ" ಅಂದ್ಲು ಸರಿತಾ.

ಜಂಬುಲಿಂಗಪ್ಪ ಕುರ್ಚಿನಾಗೆ ಚೇಳು ಇದ್ದಂಗೆ ಎದ್ದು ನಿಂತ. "ಕಪ್ಪು! ಶುಭಕಾರ್ಯಕ್ಕೆ ಕಪ್ಪು! ಏನಮ್ಮಾ, ಶಿವಗಣಾರಾಧನೆ ಕಾರ್ಡು ಅಂದ್ಕಂಡ್ಯಾ? ನಮ್ಮ ವಂಶದಾಗೇ ಲಗ್ನಪತ್ರಿಕೆಗೆ ಕರೀ ಇಂಕು ಮುಟ್ಸಿಲ್ಲ!"

ಅವರ ವಂಶದಾಗೆ ಅಲ್ಲಿಗಂಟ ಎಲ್ಲ ಕಾರ್ಡೂ ಹಳದಿ ಕಾಗದದ ಮೇಲೆ ಕೆಂಪಕ್ಷರ. ಸಾವಿನ ಕಾರ್ಡಿಗೆ ಕಪ್ಪು, ಮದುವೆ ಕಾರ್ಡಿಗೆ ಕೆಂಪು, ಇದು ಆ ಕಡೆ ಎಲ್ಲರಿಗೂ ಗೊತ್ತಿರೋದೇ. ಅದ್ರಾಗೆ ತಪ್ಪೇನಿಲ್ಲ.

"ಹಂಗಾರೆ ಕೆಂಪಿನಾಗೇ ಹಾಕ್ಲಾ? ಸೆರಗು ಕೆಂಪು, ಅಕ್ಷರನೂ ಕೆಂಪು. ಬೀಗರು ಹುಡುಕ್ಕಂಡು ಓದ್ಕಳ್ಳಿ" ಅಂದ್ಲು ಸರಿತಾ.

"ಬ್ಯಾಡ. ಕಣ್ಣಿಗೆ ಕಪ್ಪಗೇ ಕಾಣ್ಬೇಕು. ಆದ್ರೆ ಕರೀ ಇಂಕು ಒಂದು ತೊಟ್ಟೂ ಸೋಕ್ಬಾರ್ದು."

ಇದನ್ನ ಕೇಳಿ ಎಸಿನೂ ಒಂದು ಗಳಿಗೆ ಉಸಿರು ಬಿಗಿ ಹಿಡೀತು. ಸರಿತಾ ನಿಧಾನಕ್ಕೆ ಹೇಳಿದ್ಲು. ನೀಲಿ, ಕೆಂಪು, ಹಳದಿ ಮೂರನ್ನೂ ಒಂದರ ಮೇಲೊಂದು ಹಾಕಿದ್ರೆ ಕಣ್ಣಿಗೆ ಕಪ್ಪಗೆ ಕಾಣ್ತೈತೆ. ಆದ್ರೆ ಚಿತ್ರಕ್ಕೆ ಅದು ನಡೀತೈತೆ, ಅಕ್ಷರಕ್ಕೆ ನಡಿಯಲ್ಲ. ಒಂದೇ ಕಾಗದ ಮೂರು ಸಲ ಮಿಷಿನ್ನಿನೊಳಗೆ ಹೋಗಿ ಬರ್ಬೇಕು. ಒಂದು ಕೂದಲೆಳೆ ಆ ಕಡೆ ಈ ಕಡೆ ಆದ್ರೆ ನವಿಲಿಗೆ ಗೊತ್ತಾಗಲ್ಲ, ಅಕ್ಷರಕ್ಕೆ ಗೊತ್ತಾಗ್ತೈತೆ. ಸಣ್ಣ ಅಕ್ಷರ ಆದ್ರಂತೂ ಒಳಗಿನ ತೂತೆಲ್ಲ ಮುಚ್ಕಂಡು ಗೋಡಂಬಿ ಥರ ಆಗ್ತಾವೆ. ಅದಕ್ಕೆ ದಪ್ಪ ದಪ್ಪ ಅಕ್ಷರನೇ ಹಾಕ್ಬೇಕು, ದಪ್ಪ ಹಾಕಿದ್ರೆ ಜಾಗ ತಿಂತಾವೆ.

ಇಷ್ಟರಾಗೆ ಜಂಬುಲಿಂಗಪ್ಪನ ಕಿವಿಗೆ ಬಿದ್ದಿದ್ದು ಮೂರು ಬಣ್ಣ ಅನ್ನೋದು ಒಂದೇ. "ಅರಿಷ್ಣ, ಕುಂಕ್ಮ, ನವಿಲಿನ ನೀಲಿ! ಮೂರೂ ಶುಭನೇ! ಹಾಕಮ್ಮ, ಹಾಕು!"

"ಸರಿ ಸಾರ್. ಆಮೇಲೆ ನನ್ನ ಕೇಳ್ಬ್ಯಾಡಿ" ಅಂದು ಸರಿತಾ ಹಾಕಿದ್ಲು. ಕಂಪ್ಯೂಟರಿನ ಗಾಜಿನ ಮೇಲೆ ನೋಡಿದ್ರೆ ಅಕ್ಷರ ಎಮ್ಮೆ ಕರುವಿನಂಗೆ ಕರ್ರಗೆ ಮಿರಮಿರ ಅಂತಿದ್ವು. ಜಂಬುಲಿಂಗಪ್ಪ ಅಕ್ಕನ ಕಡೆ ತಿರುಗಿ, ಚಂದ್ರನ ಮೇಲೆ ಕಾಲಿಟ್ಟೋನ ಥರ ಎದೆ ಉಬ್ಬಿಸ್ದ.

ಮುಂದಿನ ವಾರ ಸ್ಯಾಂಪಲ್ ನೋಡಾಕೆ ಮತ್ತೆ ಇಬ್ರೂ ಬಂದ್ರು. ಬೇಸಿಗೆ. ಚಳ್ಳಕೆರೆ ಬಿಸಿಲು ಅಂದ್ರೆ ಹೇಳೋದ್ಬ್ಯಾಡ, ಕಾಗೆ ಹಾರ್ತಾ ಹಾರ್ತಾನೇ ಹಪ್ಪಳ ಆಗಿ ಕೆಳಗೆ ಬೀಳ್ತೈತೆ. ಆ ಬಿಸಿಲಿಗೆ ಪ್ರೆಸ್ಸಿನ ಕಾಗದ ಒಂದೊಂದು ಸಲ ಮಿಷಿನ್ನಿಗೆ ಹೋಗಿ ಬರೋದ್ರೊಳಗೆ ಒಂದೊಂದು ಥರ ಮುದುರ್ಕಂತು, ಹಿಗ್ಗಿಕಂತು. ರಾಜಣ್ಣ ಸ್ಯಾಂಪಲ್ ತಂದು ಮೇಜಿನ ಮೇಲಿಟ್ಟ. ಇಟ್ಟೋನೇ ಏನೋ ಕೆಲ್ಸ ನೆನಪಾದೋನಂಗೆ ಮಿಷಿನ್ ಕಡೆ ಹೋಗಿ ನಿಂತ್ಕಂಡ.

ಚಿತ್ರ ಚೆನ್ನಾಗೇ ಬಂದಿತ್ತು. ನವಿಲು ನವಿಲಂಗೇ ಇತ್ತು. ಅಕ್ಷರ ಮಾತ್ರ ಜಾತ್ರೆನಾಗೆ ಕಳ್ದೋಗಿದ್ವು. ಒಂದೊಂದು ಅಕ್ಷರಕ್ಕೂ ಎಡಗಡೆ ಕೆಂಪು ನೆರಳು, ಬಲಗಡೆ ನೀಲಿ ನೆರಳು, ಕೆಳಗೆ ಹಳದಿದು ಒಂದು ಬಾಲ. ಓದೋಕೆ ಹೋದ್ರೆ ಕಣ್ಣು ಮೆಳ್ಳಗಣ್ಣಾಗ್ತಿತ್ತು.

ಕೊಟ್ರಮ್ಮಗೆ ಓದು ಅಂದ್ರೆ ಅಷ್ಟಕ್ಕಷ್ಟೇ. ಮೂರನೇ ಕ್ಲಾಸಿಗೆ ಬಿಡ್ಸಿದ್ರು, ಈಗ್ಲೂ ಒಂದೊಂದೇ ಅಕ್ಷರನ ಬೆರಳಿಂದ ಕೆದಕಿ ಕೆದಕಿ ಓದ್ತಾಳೆ. ಹುಡುಗನ ಹೆಸರಿನ ಮೇಲೆ ಬೆರಳಿಟ್ಲು. ತೆಗೆದ್ಲು. ಮತ್ತೆ ಇಟ್ಲು.

"ಜಂಬು, ಒಬ್ನೇ ಅಳಿಯ ಅಂದಿದ್ದೆ. ಇಲ್ಲಿ ಕೆಂಪು ಅಮರೇಶ, ನೀಲಿ ಅಮರೇಶ, ಅವರ ಹಿಂದೆ ಕಾಮಾಲೆ ಬಂದಿರೋ ಅಮರೇಶ ಒಬ್ಬ. ಮೂರು ಜನಕ್ಕೂ ಕೊಡ್ತೀಯೇನೋ ಹುಡುಗೀನ?"

ಜಂಬುಲಿಂಗಪ್ಪ ಕನ್ನಡಕ ಒರ್ಸಿ ನೋಡ್ದ. ಕನ್ನಡಕದ್ದೇನೂ ತಪ್ಪಿರ್ಲಿಲ್ಲ. "ರಾಜಣ್ಣಾ! ಏನ್ಲೇ ಇದು?" ಅಂತ ಕೂಗ್ದ.

"ಹತ್ರ ಇಟ್ಕಂಡ್ರೆ ಹಂಗೇ ಸಾರ್. ಒಂಚೂರು ದೂರ ಹಿಡ್ಕಂಡು ನೋಡಿ" ಅಂದ ರಾಜಣ್ಣ ಮಿಷಿನ್ನಿನ ಮರೆಯಿಂದ್ಲೇ.

ಕೈ ಚಾಚಿ ನೋಡ್ದ. ಸರಿ ಹೋಗ್ಲಿಲ್ಲ. ಅಕ್ಕನ ಕೈಯಾಗೆ ಕಾರ್ಡು ಕೊಟ್ಟು ಬಾಗ್ಲಿಗೆ ಹೋಗಿ ನೋಡ್ದ. ಅಲ್ಲಿಂದ ಫುಟ್‌ಪಾತು. ಅಲ್ಲಿಂದ ಶೇಂಗಾ ಲಾರಿ ಹೋಗೋವರ್ಗೂ ಕಾದು ರಸ್ತೆ ದಾಟಿ, ಆ ಕಡೆ ಟೀ ಅಂಗಡಿ ಹತ್ರ ನಿಂತು ಹಣೆಗೆ ಕೈ ಅಡ್ಡ ಇಟ್ಕಂಡು ನೋಡ್ದ. "ಈಗ ಚೆನ್ನಾಗೈತೆ ಕಣಕ್ಕಾ!" ಅಂತ ಅಲ್ಲಿಂದ್ಲೇ ಕೂಗ್ದ. ಟೀ ಕುಡೀತಿದ್ದೋರೆಲ್ಲ ಏನು ಚೆನ್ನಾಗೈತೆ ಅಂತ ತಿರುಗಿ ನೋಡಿದ್ರು. ಬಾಗ್ಲಾಗೆ ಕಾರ್ಡು ಹಿಡ್ಕಂಡು ನಿಂತಿದ್ದ ಮುದುಕಿ ಕಾಣಿಸ್ತು. ಪಾಪ, ಏನಂದ್ಕಂಡ್ರೋ ಏನೋ.

"ಒಳ್ಳೇದಾತು, ಕಾರ್ಡು ಕೊಡೋವಾಗ ನೆಂಟರ್ನೆಲ್ಲ ರಸ್ತೆ ಆಚೆ ನಿಲ್ಸು" ಅಂದ್ಲು ಕೊಟ್ರಮ್ಮ.

ಒಳಗೆ ಬಂದು ಕೂತು ಬೆವರು ಒರ್ಸಿಕಂಡ ಮೇಲೆ ಸರಿತಾ ಮತ್ತೆ ಹೇಳಿದ್ಲು. "ಸಾರ್, ದಾರಿ ಒಂದೇ. ಅಕ್ಷರನ ಚಿತ್ರದಿಂದ ಬೇರೆ ಎತ್ಕಂತೀನಿ. ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚಿನ ತಗಡು, ಪ್ಲೇಟು ಅಂತೀವಿ; ಅಕ್ಷರನ ಕಪ್ಪು ಪ್ಲೇಟ್ ಒಂದರಾಗೇ ಹಾಕ್ತೀನಿ. ಬೇರೆ ಮೂರು ಬಣ್ಣದ ಪ್ಲೇಟಿನಾಗೆ ಅಕ್ಷರದ ಗುರ್ತೂ ಇರಲ್ಲ. ಒಂದೇ ಇಂಕು ಅಂದ ಮೇಲೆ ನೆರಳು ಬೀಳಾಕೆ ಇನ್ನೊಂದು ಎಲ್ಲೈತೆ?"

"ಆ ಅಕ್ಷರದ ಕೆಳಗೆ ಸೆರಗಿನ ಬಣ್ಣ ಐತಲ್ಲ, ಅದಕ್ಕೆ ತೂತು ಮಾಡ್ತೀಯಾ?" ಅಂತ ಕೇಳಿದ್ಲು ಕೊಟ್ರಮ್ಮ. ನೇಯೋರ ಊರಿನೋಳು, ತೂತಿನ ಚಿಂತೆ ಅವಳಿಗೆ.

"ಇಲ್ಲಜ್ಜಿ. ತೂತು ಮಾಡಿ ಅದ್ರಾಗೆ ಅಕ್ಷರ ಕೂರ್ಸಿದ್ರೆ ಮತ್ತೆ ಒಂಚೂರು ಸರಿದು ಪಕ್ಕದಾಗೆ ಬಿಳೀ ಗೆರೆ ಕಾಣ್ತೈತೆ. ಕೂಸಿನ ಕೆನ್ನಿಗೆ ದೃಷ್ಟಿಬೊಟ್ಟು ಇಡೋವಾಗ ಕೆನ್ನೆ ಕೊರೆದು ಇಡ್ತೀರಾ? ಮೇಲೇ ಒತ್ತಲ್ವಾ? ಹಂಗೇ ಬಣ್ಣದ ಮೇಲೇ ಕಪ್ಪು ಕೂತ್ಕಂತೈತೆ."

"ಬಿಲ್ಕುಲ್ ಬ್ಯಾಡ!" ಅಂದ ಜಂಬುಲಿಂಗಪ್ಪ. "ಕರೀ ಇಂಕು ಅಂದ್ರೆ ಇಲ್ಲ. ಬೀಗರು ಏನಂತಾರೆ? ಮೊದ್ಲ ಶುಭಕಾರ್ಯ."

ಕೊಟ್ರಮ್ಮ ತಮ್ಮನ ಮುಖನ ಹಿಂಗಿಂದ ಹಂಗೆ, ಹಂಗಿಂದ ಹಿಂಗೆ ನೋಡಿದ್ಲು. "ಅಲ್ಲೋ, ನಿನ್ನೆ ಅಟ್ಟದ ಮೇಲೆ ಕನ್ನಡಿ ಇಟ್ಕಂಡು ಹಲ್ಲುಜ್ಜೋ ಬ್ರಶ್‌ನಾಗೆ ಮೀಸೆಗೆ ಬಳ್ಕಂತಿದ್ಯಲ್ಲ, ಅದೇನು ಅರಿಷ್ಣನಾ? ಕುಂಕ್ಮನಾ? ಕಿವಿ ಮೇಲೂ ಸ್ವಲ್ಪ ಸಿಡಿದೈತೆ, ಶುಭಕ್ಕೆ ಕಿವೀನೂ ಇರ್ಲಿ ಅಂತಾನಾ?"

ಸರಿತಾ ಕಂಪ್ಯೂಟರ್ ಹಿಂದೆ ತಲೆ ಹುದುಗಿಸಿದ್ಲು. ರಾಜಣ್ಣನ ಮಿಷಿನ್ ನಿಂತಿದ್ರೂ ಅದರ ಹಿಂದಿಂದ ಏನೋ ಕಿರ್ರ್ ಅಂದಂಗಾತು.

"ಅದು ಬೇರೆ ಅಕ್ಕಾ…"

"ಹುಡುಗಿ ಕೊರಳಿಗೆ ಕರಿಮಣಿ ಕಟ್ಟಿಸ್ತೀಯಾ, ಇಲ್ಲ ಅದ್ರಾಗೂ ಮೂರು ಬಣ್ಣ ಬೆರೆಸ್ತೀಯಾ? ಕಣ್ಣಿಗೆ ಕಾಡಿಗೆ ಬ್ಯಾಡ್ವಾ? ಬೀಗರು ಅಂತೀಯಲ್ಲ, ಮೂರು ನೆರಳಿನ ಕಾರ್ಡು ಕೈಗೆ ಕೊಟ್ರೆ ಹುಡುಗಿ ತಂದೆಗೆ ಕುಡಿಯೋ ಚಟ ಐತೆ, ಬರ್ಸೋವಾಗ್ಲೂ ಬಿಟ್ಟಿಲ್ಲ ಅಂತಾರೆ."

ಕೊನೇ ಮಾತು ನಾಟ್ತು. ಜಂಬುಲಿಂಗಪ್ಪ ಕಿವಿ ಒರ್ಸಿಕಂಡ. "ನಾಲ್ಕೂ ಮೂಲೆಗೆ ಅರಿಷ್ಣ ಹಚ್ಚೇ ಹಚ್ತೀವಿ, ದೋಷ ಕಳೀತೈತೆ. ಹಾಕಮ್ಮ ಹಂಗಾರೆ, ಅದೇನ್ ಕಪ್ಪು ಅಂತೀಯೋ, ಹಾಕು" ಅಂದ, ತಾನೇ ಕಂಡ್ಹಿಡಿದೋನಂಗೆ.

ಸರಿತಾ ಕೂತ್ಲು. ಚಿತ್ರ ಒಂದು ಕಡೆ, ಅಕ್ಷರ ಒಂದು ಕಡೆ ಬಿಡಿಸಿಟ್ಲು, ಬೇಳೆಯಿಂದ ಕಲ್ಲು ಆರಿಸ್ದಂಗೆ. ಅಕ್ಷರನೆಲ್ಲ ಅಳಿಸಿ ಕಪ್ಪೊಂದರಾಗೇ ಹೊಸದಾಗಿ ಕುಟ್ಟಿದ್ಲು. ಈಗ ಅವು ದಪ್ಪ ಇರೋ ಅಗತ್ಯ ಇಲ್ಲ. ತೆಳ್ಳಗೆ, ಸಣ್ಣಗೆ, ಮದುವೆ ಮನೆಗೆ ಸಕ್ಕರೆ ವಾಸನೆ ಹಿಡಿದು ಹೊಂಟ ಇರುವೆ ಸಾಲಿನಂಗೆ ನಿಂತ್ಕಂಡ್ವು. ಮೊದ್ಲು ಇಡೀ ಸೆರಗು ಮುಚ್ಚಿದ್ದ ಮಾತೆಲ್ಲ ಈಗ ಅರ್ಧಕ್ಕೇ ಮುಗೀತು. ಕೆಳಗೆ ಅರ್ಧ ಸೆರಗು ಖಾಲಿ.

"ಸಾರ್, ಜಾಗ ಉಳೀತು" ಅಂದ್ಲು ಸರಿತಾ.

ಕೊಟ್ರಮ್ಮ ಕಂಪ್ಯೂಟರಿನ ಗಾಜಿನ ಹತ್ರಕ್ಕೆ ಬಗ್ಗಿದ್ಲು. ಜಾಗ ಇಲ್ಲ ಅಂತಿದ್ದ ಒಂದೇ ಒಂದು ಮಾತು ಅವಳ ಕಣ್ಮುಂದೇನೇ ಬಿದ್ದೋಗಿತ್ತು. ಈಗ ಅಂತಾನೆ, ಈಗ ಅಂತಾನೆ ಅಂತ ತಮ್ಮನ ಬಾಯಿನೇ ನೋಡಿದ್ಲು.

"ಉಳೀತಾ?" ಜಂಬುಲಿಂಗಪ್ಪನ ಕಣ್ಣು ದೀಪಾವಳಿ ಆದ್ವು. "ಹಂಗಾರೆ ನಮ್ಮಂಗಡಿ ಚಳ್ಳಕೆರೆ ಹೊಸಾ ಬ್ರಾಂಚಿನ ಅಡ್ರೆಸ್ ಹಾಕು! ಬಿಟ್ಟಿದ್ವಲ್ಲ ನೆಂಟರು, ಎಲ್ಲರ್ನೂ ಹಾಕು! ಕೊಂಡ್ಲಹಳ್ಳಿಯೋರು, ಪರಶುರಾಂಪುರದೋರು, ಒಬ್ರೂ ಬಿಡಂಗಿಲ್ಲ."

"ಅಷ್ಟೂ ಹಾಕಿದ್ರೂ ಇನ್ನೂ ಜಾಗ ಐತೆ ಸಾರ್. ಈ ಅಜ್ಜಿ ಹೆಸರು ಎಲ್ಲೂ ಇಲ್ವಲ್ಲ?"

ಜಂಬುಲಿಂಗಪ್ಪ ಎಸಿ ಕಡೆ ನೋಡ್ದ. ಎಸಿ ಕಡೆಯಿಂದ ಗೋಡೆ ಮೇಲಿದ್ದ ಪಂಚಾಂಗದ ಕಡೆ ನೋಡ್ದ. "ಅದು… ಶುಭಕಾರ್ಯ ನೋಡಮ್ಮ. ಅಕ್ಕ ಮನಿಯೋಳೇ, ಇಲ್ಲ ಅನ್ನಲ್ಲ. ಆದ್ರೆ ಜನ… ಮೊದ್ಲ ಕಾರ್ಡು ದೇವ್ರ ಮುಂದೆ ಇಡೋದು…" ಅಂತ ಮುಂದಿನ ಮಾತನ್ನ ನುಂಗ್ದ.

ಅವನು ನುಂಗಿದ ಮಾತು ಕೊಟ್ರಮ್ಮಗೆ ಗೊತ್ತು. ಗಂಡ ಸತ್ತ ದಿನದಿಂದ ಅದನ್ನ ಊರೋರೆಲ್ಲ ಅವಳ ಮುಂದೆ ನುಂಗ್ಕಂಡೇ ಬಂದವ್ರೆ. ಒಬ್ಬೊಬ್ರ ಗಂಟ್ಲು ಏರಿ ಇಳಿಯೋದು ನೋಡಿದ್ರೆ ಸಾಕು, ಯಾವ ಮಾತು ಅಂತ ಹೇಳ್ತಾಳೆ. ಈ ತಮ್ಮನ ಗಂಟ್ಲಾಗೂ ಅದೇ ಇತ್ತು ಅಂತ ಇವತ್ತು ಕಂಡ್ಲು. ಏನಾದ್ರೂ ಅಂದು ಕುಟುಕ್ಬೇಕು ಅಂತ ಬಾಯಿ ತೆರೆದ್ಲು. ತೆರೆದ ಬಾಯಿ ಮುಚ್ಚಿದ್ಲು. ಸೆರಗಿನ ತುದಿ ಬೆರಳಿಗೆ ಸುತ್ಕಂಡು ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತ್ಕಂಡ್ಲು.

ಸರಿತಾ ಅವಳನ್ನೊಂದು ಸಲ ನೋಡಿ, ನೆಂಟರ ಹೆಸರಿಗೆ ಇಳಿದ್ಲು. "ಹೇಳಿ ಸಾರ್, ಯಾರು ಮೊದ್ಲು?"

"ಹಾಕು. ಕೊಂಡ್ಲಹಳ್ಳಿ ಮುರುಗೇಂದ್ರಪ್ಪ. ಆಮೇಲೆ ಪರಶುರಾಂಪುರದ ತಿಪ್ಪೇರುದ್ರಪ್ಪ. ತಡಿ, ತಡಿ. ತಿಪ್ಪೇರುದ್ರಪ್ಪ ದೊಡ್ಡೋನಾ, ಮುರುಗೇಂದ್ರಪ್ಪ ದೊಡ್ಡೋನಾ?"

ಆ ನೆಂಟರ ಪೈಕಿ ಕಾರ್ಡಿನಾಗೆ ಯಾರ ಹೆಸರು ಯಾರ ಮೇಲೆ ಅನ್ನೋದು ಸಾಮಾನ್ಯದ ವಿಷ್ಯ ಅಲ್ಲ. ಹಿಂದೆ ಒಂದು ಮದುವೆನಾಗೆ ಚಿಕ್ಕೋನ ಹೆಸರು ಮೇಲೆ ಬಂತು ಅಂತ ದೊಡ್ಡೋನು ಬಡಿಸಿದ ಹೋಳಿಗೆ ಬಿಟ್ಟು ಎದ್ದೋಗಿದ್ದ. ಇವತ್ತಿಗೂ ಆ ಎರಡು ಮನೆ ಕೋಳಿನೂ ಒಂದನ್ನೊಂದು ಮಾತಾಡ್ಸಲ್ಲ. ಯಾರು ಮೊದ್ಲ ಹೆಂಡ್ತಿ ಮಗ, ಯಾರು ದತ್ತು ಹೋದೋನು, ಯಾರು ವಯಸ್ಸಿನಾಗೆ ಚಿಕ್ಕೋನಾದ್ರೂ ವರಸೆನಾಗೆ ಮಾವ, ಇದೆಲ್ಲಾ ಪೂರಾ ಗೊತ್ತಿರೋದು ಒಂದೇ ತಲೆಗೆ. ಆ ತಲೆ ಈಗ ಗೋಡೆಗೆ ಒರಗಿ ಕಣ್ಣು ಮುಚ್ಚಿತ್ತು.

"ಅಕ್ಕಾ, ಯಾರು ದೊಡ್ಡೋರು?"

"ಯಾರಪ್ಪ?"

"ಅದೇ, ಮುರುಗೇಂದ್ರಪ್ಪ, ತಿಪ್ಪೇರುದ್ರಪ್ಪ."

"ಕಾರ್ಡಿನ ಒಳಗಿರೋರ ವಿಷ್ಯ ಹೊರಗಿರೋಳಿಗೆ ಹೆಂಗೆ ಗೊತ್ತಾಗ್ತೈತೆ? ನಾನು ಯಾವೂರ ದಾಸಯ್ಯ. ಅಡ್ರೆಸ್ ಕೇಳ್ಕಂಡು ಬಂದಿದೀನಿ, ತಣ್ಣಗೈತೆ ಅಂತ ಕೂತಿದೀನಿ."

ಜಂಬುಲಿಂಗಪ್ಪ ಬಿಡ್ಲಿಲ್ಲ. ರಾಜಣ್ಣನ ಫೋನ್ ಎತ್ಕಂಡು ಮುರುಗೇಂದ್ರಪ್ಪನಿಗೇ ಹಚ್ದ. "ಮಾವಾ, ಸುಮ್ನೆ ಕೇಳ್ದೆ. ನೀವು ದೊಡ್ಡೋರಾ, ತಿಪ್ಪೇರುದ್ರಪ್ಪ ದೊಡ್ಡೋರಾ?" ಆ ಕಡೆಯಿಂದ ಬಂದ ಉತ್ತರ ಗಾಜಿನ ಗೂಡು ನಡುಗೋ ಹಂಗಿತ್ತು. "ನಾನು! ಇದನ್ನೂ ಕೇಳ್ತಾರೇನೋ?" ಫೋನಿಟ್ಟು ತಿಪ್ಪೇರುದ್ರಪ್ಪನಿಗೆ ಹಚ್ದ. "ನಾನು! ಯಾಕೆ, ಆ ಮುರುಗೇಂದ್ರ ಏನಂತ ಊದಿದ?" ಅಂತ ಬಂತು. ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಅದರೊಳಗೆ ಬಯ್ಗುಳ ಕೇಳಿಸ್ತಿತ್ತಂತೆ.

"ಸಾರ್, ಇವತ್ತು ಪ್ಲೇಟ್ ಮಾಡ್ಲಿಲ್ಲ ಅಂದ್ರೆ ನಾಳೆಯಿಂದ ಎಲೆಕ್ಷನ್ ಕರಪತ್ರ ಐತೆ. ಆಮೇಲೆ ನಿಮ್ಮ ಮದುವೆ ಮುಗಿದ್ಮೇಲೇ ಕಾರ್ಡು" ಅಂದ ರಾಜಣ್ಣ.

ಜಂಬುಲಿಂಗಪ್ಪ ಸ್ಟೂಲಿನ ಮುಂದೆ ಕುಕ್ಕರುಗಾಲಿನಾಗೆ ಕೂತ. ಅಂಗಡಿನಾಗೆ ಗಿರಾಕಿ ಮುಂದೆ ಸೀರೆ ಹರಡೋವಾಗ್ಲೂ ಅಷ್ಟು ಬಗ್ಗಿದೋನಲ್ಲ. "ಅಕ್ಕಾ, ಮರ್ಯಾದೆ ಹೋಗ್ತೈತೆ ಕಣೇ. ಹೇಳೇ."

ಕೊಟ್ರಮ್ಮ ಕಣ್ಣು ಬಿಟ್ಲು. ಈಗ ಅವಳು ಕುಟುಕ್ಲಿಲ್ಲ. "ಜಂಬು, ಆ ಕೂಸಿಗೆ ದಡಾರ ಬಂದಾಗ ಮೈಮೇಲೆ ಹಾಕ್ಕಂಡು ಮಲಗಿದ್ದೆ. ಆಗ ನಾನು ಅಶುಭ ಅಂತ ಯಾಕೆ ನೀನು ಹೇಳ್ಲಿಲ್ಲ?"

ಜಂಬುಲಿಂಗಪ್ಪ ನೆಲ ನೋಡ್ದ. ನೆಲದಾಗೆ ಏನೂ ಬರೆದಿರ್ಲಿಲ್ಲ. ತಲೆ ಎತ್ತದೇ, "ಹಾಕಮ್ಮ. ಅಕ್ಕನ ಹೆಸರು ಹಾಕು" ಅಂದ.

"ಹೆಂಗಂತ ಹಾಕ್ಲಿ?"

"ದಿವಂಗತ ಸಿದ್ದಪ್ಪನವರ ಧರ್ಮಪತ್ನಿ ಶ್ರೀಮತಿ…"

"ಏ, ಸಿದ್ದಪ್ಪ ಯಾಕೆ ಬಂದ ಇಲ್ಲಿಗೆ?" ಕೊಟ್ರಮ್ಮನ ನಾಲಿಗೆ ವಾಪಸ್ ಬಂದಿತ್ತು. "ಆ ಪುಣ್ಯಾತ್ಮ ಮಂಗಳಗೌರಿ ಮುಖಾನೂ ನೋಡಿಲ್ಲ. ಮಲಗಿರೋನ್ನ ಯಾಕೆ ಎಬ್ಬಿಸ್ತೀಯಾ? ಬರ್ಕಳಮ್ಮ ಸರಿತಾ. ಸಾಕಿದ ತಾಯಿ ಕೊಟ್ರಮ್ಮ. ಅಷ್ಟೇ."

"ಅಕ್ಕಾ, ಮೇಲೆ ಗಿರಿಜವ್ವ ತಾಯಿ ಅಂತ ಐತೆ. ಒಂದು ಕಾರ್ಡಿನಾಗೆ ಎರಡೆರಡು ತಾಯಿ ಆದ್ರೆ…"

"ಬೆಳಿಗ್ಗೆ ಮೂರು ಜನ ಅಳಿಯಂದ್ರು ಇದ್ದಾಗ ನಾನು ಸುಮ್ನಿರ್ಲಿಲ್ವಾ? ಎರಡು ತಾಯಿ ನಿನಗೆ ಭಾರ ಆದ್ವಾ?"

ಸರಿತಾ ಕಟಕಟ ಅಂತ ಕುಟ್ಟೇ ಬಿಟ್ಲು. ಯಾರ ಅಪ್ಪಣೆಗೂ ಕಾಯ್ಲಿಲ್ಲ. ಆಮೇಲೆ ಕೊಟ್ರಮ್ಮ ಸ್ಟೂಲನ್ನ ಕಂಪ್ಯೂಟರ್ ಪಕ್ಕಕ್ಕೆ ಎಳ್ಕಂಡು ನೆಂಟರನ್ನೆಲ್ಲ ಸಾಲಾಗಿ ಕೂರ್ಸಿದ್ಲು. ಮುರುಗೇಂದ್ರಪ್ಪ, ತಿಪ್ಪೇರುದ್ರಪ್ಪ ಇಬ್ರನ್ನೂ ಒಂದರ ಕೆಳಗೊಂದು ಹಾಕ್ಲೇ ಇಲ್ಲ. ಎರಡು ಸಾಲು ಮಾಡ್ಸಿ ಒಬ್ಬೊಬ್ಬನ್ನ ಒಂದೊಂದು ಸಾಲಿನ ತಲೆ ಮೇಲೆ ನಿಲ್ಸಿದ್ಲು. ಇಬ್ರೂ ಮೇಲೇ, ಇಬ್ರೂ ಮೊದ್ಲೇ.

"ಎಡಗಡೆ ಯಾರು ಅಜ್ಜಿ?"

"ಎಡಗಡೆ ಮುರುಗೇಂದ್ರಪ್ಪ. ತಿಪ್ಪೇರುದ್ರಪ್ಪನಿಗೆ ಎಡಗಣ್ಣಿನಾಗೆ ಪೊರೆ ಐತೆ. ಆ ಕಡೆ ಇನ್ನೊಬ್ಬ ಅವ್ನೆ ಅಂತ ಅವನಿಗೆ ಗೊತ್ತಾಗೋದೇ ಬ್ಯಾಡ."

ಕಾರ್ಡು ರೆಡಿ ಆದ ದಿನ ಕಟ್ಟು ತರಾಕೆ ಮತ್ತೆ ಅಕ್ಕ ತಮ್ಮ ಇಬ್ರೂ ಹೋದ್ರು. ಈ ಸಲ ಕಾಗದ ನಾಲ್ಕು ಸಲ ಮಿಷಿನ್ನಿಗೆ ಹೋಗಿತ್ತು. ಮದುಮಗನ ತುಟಿ ಬಣ್ಣ ಒಂಚೂರು ಮೀಸೆ ಮೇಲೆ ಸರಿದಿತ್ತು, ನವಿಲಿನ ಕೊಕ್ಕು ಒಂಚೂರು ಕೆಂಪಾಗಿತ್ತು. ಅದನ್ನ ಯಾರು ನೋಡ್ತಾರೆ? ಅಕ್ಷರ ಮಾತ್ರ ಕೆತ್ತಿದಂಗೆ ನಿಂತಿದ್ವು. ಅಂಚು ಅಂಚೂ ಕ್ಲೀನು, ನೆರಳಿಲ್ಲ, ಬಾಲ ಇಲ್ಲ. ಕೊಟ್ರಮ್ಮ ಕಟ್ಟಿನಿಂದ ಒಂದು ಕಾರ್ಡು ಎಳೆದು ಬೆಳಕಿಗೆ ಹಿಡಿದ್ಲು. ಹೆಸರು ಸಿಕ್ತು.

"ಇಷ್ಟು ಸಣ್ಣಗಾ ಹಾಕೋದು?" ಅಂದ್ಲು ಸರಿತಾಗೆ. "ನಾನೇನು ಸಾಸಿವೆನಾ? ಆ ಟ್ರ್ಯಾಕ್ಟರ್‌ನ ಒಂಚೂರು ಆ ಕಡೆ ನೂಕಿದ್ರೆ ದಪ್ಪಗೆ ಕೂರ್ತಿರ್ಲಿಲ್ವಾ?"

"ಸಣ್ಣಗಿದ್ರೂ ಓದೋಕೆ ಬಂತಾ ಇಲ್ವಾ ಅಜ್ಜಿ?"

"ಬಂತು" ಅಂದ್ಲು ಕೊಟ್ರಮ್ಮ. ಅಂದು, ಯಾಕೋ ಮುಖ ಆ ಕಡೆ ತಿರುಗಿಸ್ಕಂಡ್ಲು. ಎಸಿ ಗಾಳಿ ಕಣ್ಣಿಗೆ ಹೊಡೀತೈತೆ ಅಂತ ಕಾರಣನೂ ಹೇಳಿದ್ಲು. ಎಸಿ ಕೆಟ್ಟು ಮೂಲೆ ಸೇರಿ ಆಗ್ಲೇ ದಿನ ಆಗಿತ್ತು.

ಮೊಳಕಾಲ್ಮುರಿನ ಬಸ್ಸಿನಾಗೆ ಜಂಬುಲಿಂಗಪ್ಪ ಮುಂದಿನ ಸೀಟಿನಾಗೆ ಕಟ್ಟು ತಬ್ಕಂಡು ಕೂತ. ಕೊಟ್ರಮ್ಮಗೆ ಹಿಂದೆ ಸೀಟು ಸಿಕ್ತು, ಶೇಂಗಾ ಚೀಲ ಇಟ್ಕಂಡಿದ್ದ ಬೊಮ್ಮಕ್ಕ ಅನ್ನೋ ಹೆಂಗಸಿನ ಪಕ್ಕ. ಬಸ್ಸು ಸ್ಟ್ಯಾಂಡ್ ಬಿಡೋಕಿಂತ ಮೊದ್ಲೇ ಕೊಟ್ರಮ್ಮ ಕಾರ್ಡು ಬಿಚ್ಚಿದ್ಲು.

"ಇಲ್ನೋಡಮ್ಮ, ಓದ್ತೀನಿ ಕೇಳು. ಸಾ… ಕಿ… ದ. ತಾ… ಯಿ. ಕೊ… ಟ್ರ… ಮ್ಮ. ಕೊಟ್ರಮ್ಮ ಅಂದ್ರೆ ನಾನೇ."

"ಹೌದಾ ಅವ್ವ? ಭಾಳ ಚೆನ್ನಾಗೈತೆ" ಅಂದ್ಲು ಬೊಮ್ಮಕ್ಕ.

ತಳಕು ಬರೋದ್ರಾಗೆ ಕೊಟ್ರಮ್ಮ ಆ ಸಾಲನ್ನ ಸೀಟಿನೋರಿಗೆಲ್ಲ, ನಿಂತಿದ್ದೋರಿಗೆಲ್ಲ, ಟಿಕೆಟ್ ಕೇಳಾಕೆ ಬಂದ ಕಂಡಕ್ಟರ್‌ಗೂ ಓದಿ ಹೇಳಿದ್ಲು. ಕಂಡಕ್ಟರ್ ಟಿಕೆಟ್ ಹರಿಯೋದೇ ಮರ್ತ. ಕೊನಿಗೆ ಬೊಮ್ಮಕ್ಕ ಚಿತ್ರದ ಮೇಲೆಲ್ಲ ಕಣ್ಣಾಡ್ಸಿ ಕೇಳಿದ್ಲು.

"ಅದೆಲ್ಲಾ ಸರಿ, ಮದುವೆ ಯಾರ್ದವ್ವ?"

"ಅದಾ?" ಅಂದ್ಲು ಕೊಟ್ರಮ್ಮ, ತನ್ನ ಹೆಸರಿನ ಮೇಲಿದ್ದ ಬೆರಳು ಎತ್ತದೇನೇ. "ಅದೂ ಇಲ್ಲೇ ಎಲ್ಲೋ ಬರ್ದಿರ್ತಾರೆ ನೋಡು."